ಮೂರು ವರ್ಷಕ್ಕೆ ಅಂತ ಕಟ್ಟಿದ ಹಡಗು 36 ವರ್ಷ ದುಡಿಯಿತು: ಮೆಜೆಸ್ಟಿಕ್ ವರ್ಗದ ಕಥೆ

ಕಟ್ಟುಮರ:
ಎರಡು ತಿಂಗಳಿಂದ ನಮ್ಮ ನೌಕಾಪಡೆಯ ವಿಮಾನವಾಹಕ ಹಡಗು, ಹಳೆಯ ವಿಕ್ರಾಂತ್‌ನ ಮಾಡೆಲ್ ಕಟ್ಟುತ್ತಿದ್ದೇನೆ. 1:700 ಅಳತೆ. ನಿಜವಾದ ಹಡಗು 213 ಮೀಟರ್, ನನ್ನದು ಶಾಲೆ ಮಕ್ಕಳ ಸ್ಕೇಲಿನಷ್ಟು ಉದ್ದ. ಡೆಕ್ಕಿನ ಎಡಭಾಗ ಯಾಕೆ ಹೀಗೆ ಓರೆಯಾಗಿ ಹೊರಗೆ ಚಾಚಿದೆ ಅಂತ ನೋಡಲು ಹೋಗಿ ಹಳೆಯ ನಕ್ಷೆಗಳ ಒಳಗೆ ಇಳಿದೆ. ಇಳಿದವನು ಇನ್ನೂ ಮೇಲೆ ಬಂದಿಲ್ಲ. ಅದಕ್ಕೇ ಈ ಚರ್ಚೆ ಶುರು ಮಾಡುತ್ತಿದ್ದೇನೆ.

ನಮ್ಮಲ್ಲಿ ಬಹಳ ಜನ ವಿಕ್ರಾಂತ್ ಅಂದರೆ ಒಂದೇ ಒಂದು ಹಡಗು ಅಂದುಕೊಂಡಿದ್ದಾರೆ. ಅಲ್ಲ. ಅದು ಒಂದೇ ಅಚ್ಚಿನಲ್ಲಿ ತೆಗೆದ ಆರರಲ್ಲಿ ಒಂದು. 1942ರಲ್ಲಿ ಬ್ರಿಟಿಷ್ ನೌಕಾಪಡೆಗೆ ವಿಮಾನವಾಹಕ ಹಡಗುಗಳ ಬರ ಬಂದಿತ್ತು. ಆರ್ಕ್ ರಾಯಲ್ ಅನ್ನುವ ವಿಮಾನವಾಹಕ ಮುಳುಗಿ ತಿಂಗಳುಗಳಷ್ಟೇ ಆಗಿತ್ತು. ಇಲಸ್ಟ್ರಿಯಸ್ ತರಹದ, ಡೆಕ್ಕಿಗೆ ಉಕ್ಕಿನ ರಕ್ಷಾಕವಚ ಹೊದಿಸಿದ ದೊಡ್ಡ ಹಡಗು ಕಟ್ಟುತ್ತಾ ಕೂತರೆ ಯುದ್ಧವೇ ಮುಗಿದುಹೋಗುತ್ತದೆ. ಆಗ ವಿಕರ್ಸ್ ಕಂಪನಿಯವರು ಒಂದು ಅಗ್ಗದ ನಕ್ಷೆ ಹಾಕಿಕೊಟ್ಟರು. ಹಡಗಿನ ಒಡಲನ್ನು ಯುದ್ಧನೌಕೆಯ ನಿಯಮದಂತೆ ಅಲ್ಲ, ಸರಕು ಹಡಗಿಗೆ ಲಾಯ್ಡ್ಸ್ ಅನ್ನುವ ಹಡಗು ತಪಾಸಣೆ ಸಂಸ್ಥೆ ಇಟ್ಟಿದ್ದ ನಿಯಮದಂತೆ ಕಟ್ಟುವುದು. ಯುದ್ಧನೌಕೆ ಕಟ್ಟಿ ಗೊತ್ತಿಲ್ಲದ ಯಾರ್ಡ್‌ಗಳೂ ಕಟ್ಟಬಹುದು. ಕವಚ ಬೇಡ. ದೊಡ್ಡ ತೋಪು ಬೇಡ, ವಿಮಾನ ಹೊಡೆಯುವ ಸಣ್ಣ ಗನ್ ಸಾಕು. ವೇಗ 25 ನಾಟ್, ಅಂದರೆ ಗಂಟೆಗೆ 46 ಕಿ.ಮೀ. ಬಾಳಿಕೆ ಮೂರು ವರ್ಷ, ಇಲ್ಲವೇ ಯುದ್ಧ ಮುಗಿಯುವ ತನಕ. ಆಮೇಲೆ ಬಿಸಾಕಿದರೂ ಬೇಜಾರಿಲ್ಲ.

ಇಂಥ ಹದಿನಾರು ಹಡಗಿಗೆ ಆರ್ಡರ್ ಕೊಟ್ಟರು. ಮೊದಲ ಹತ್ತು ಕೊಲೋಸಸ್ ವರ್ಗ. ಅಷ್ಟರಲ್ಲಿ ವಿಮಾನಗಳು ತೂಕವಾಗುತ್ತಾ ಬಂದವು. ಹಾಗಾಗಿ ಕೊನೆಯ ಆರಕ್ಕೆ ಡೆಕ್ಕು, ಲಿಫ್ಟು, ವಿಮಾನ ನಿಲ್ಲಿಸುವ ತಂತಿ ಎಲ್ಲವನ್ನೂ ಗಟ್ಟಿ ಮಾಡಿದರು. ಅವೇ ಮೆಜೆಸ್ಟಿಕ್ ವರ್ಗ: ಮೆಜೆಸ್ಟಿಕ್, ಟೆರಿಬಲ್, ಮ್ಯಾಗ್ನಿಫಿಸೆಂಟ್, ಪವರ್‌ಫುಲ್, ಹರ್ಕ್ಯುಲಿಸ್, ಲೆವಿಯಾಥನ್. ಹರ್ಕ್ಯುಲಿಸ್ ನಮ್ಮ ವಿಕ್ರಾಂತ್.

ತಮಾಷೆ ಅಂದರೆ ಆರರಲ್ಲಿ ಒಂದೂ ಬ್ರಿಟಿಷ್ ನೌಕಾಪಡೆಯಲ್ಲಿ ವಿಮಾನವಾಹಕವಾಗಿ ಯುದ್ಧ ಮಾಡಲಿಲ್ಲ. 1945ಕ್ಕೆ ಯುದ್ಧ ಮುಗಿಯಿತು, ಹಡಗುಗಳು ಅರ್ಧಕ್ಕೇ ನಿಂತವು. ಎರಡು ಆಸ್ಟ್ರೇಲಿಯಾಕ್ಕೆ, ಎರಡು ಕೆನಡಾಕ್ಕೆ, ಒಂದು ನಮಗೆ. ಒಂದು ಎಲ್ಲಿಗೂ ಹೋಗಲಿಲ್ಲ, ಅದರ ಕಥೆ ಆಮೇಲೆ. ಈ ಹಡಗುಗಳ ಬಗ್ಗೆ ಏನೇ ಗೊತ್ತಿದ್ದರೂ ಬರೆಯಿರಿ.

ತಲೆಹರಟೆ:
ಚೆನ್ನಾಗಿದೆ ಗುರು. ಆದರೆ ಒಂದು ಪ್ರಶ್ನೆ. ಮೂರು ವರ್ಷ ಬಾಳಿಕೆ ಅಂತ ಕಟ್ಟಿದ್ದು, ಅರ್ಧಕ್ಕೆ ನಿಂತದ್ದು, ಹತ್ತು ವರ್ಷ ನೀರಲ್ಲಿ ಕೊಳೆತದ್ದು. ಅಂಥದ್ದನ್ನು 1957ರಲ್ಲಿ ನಾವು ಕೊಂಡೆವು. ಇದಕ್ಕೆ ನಮ್ಮೂರಲ್ಲಿ ಗುಜರಿ ಅನ್ನುತ್ತಾರೆ. ಬ್ರಿಟಿಷರು ಹೋಗುವಾಗಲೂ ಟೋಪಿ ಹಾಕಿದರು ಅಲ್ವಾ?

ಕಟ್ಟುಮರ:
@ತಲೆಹರಟೆ, ನಾನೂ ಮೊದಲು ಹಾಗೇ ಅಂದುಕೊಂಡಿದ್ದೆ. ಈಗ ನನ್ನ ಅಭಿಪ್ರಾಯ ಪೂರ್ತಿ ಉಲ್ಟಾ. ಕೆಲಸ ನಿಂತದ್ದೇ ನಮ್ಮ ಅದೃಷ್ಟ.

ಹರ್ಕ್ಯುಲಿಸ್ 1943ರಲ್ಲಿ ಟೈನ್ ನದಿ ದಂಡೆಯ ವಿಕರ್ಸ್ ಯಾರ್ಡ್‌ನಲ್ಲಿ ಶುರುವಾಯಿತು. 1945ರ ಸೆಪ್ಟೆಂಬರ್ 22ಕ್ಕೆ ನೀರಿಗಿಳಿಯಿತು. 1946ರ ಮೇನಲ್ಲಿ ಕೆಲಸ ನಿಲ್ಲಿಸಿದರು. ಆಗ ಮುಕ್ಕಾಲು ಭಾಗ ಮುಗಿದಿತ್ತು. ಅದನ್ನು ಸ್ಕಾಟ್ಲೆಂಡಿನ ಗೇರ್‌ಲಾಖ್‌ಗೆ ಎಳೆದುಕೊಂಡು ಹೋಗಿ ಕಟ್ಟಿಹಾಕಿದರು. ಕೊಳೆಯಲಿಕ್ಕೆ ಬಿಡಲಿಲ್ಲ, ಜೋಪಾನವಾಗಿ ಇಟ್ಟರು.

ಈ ಹತ್ತು ವರ್ಷದಲ್ಲಿ ಏನೇನಾಯಿತು ನೋಡಿ. 1945ರ ಡಿಸೆಂಬರ್ 3ರಂದು ಎರಿಕ್ ಬ್ರೌನ್ ಅನ್ನುವ ಪೈಲಟ್ ಹಡಗಿನ ಡೆಕ್ ಮೇಲೆ ಮೊದಲ ಬಾರಿಗೆ ಜೆಟ್ ಇಳಿಸಿದ. ಅಲ್ಲಿಂದ ಪ್ರೊಪೆಲರ್ ಕಾಲ ಮುಗಿಯುತ್ತಾ ಬಂತು. ಜೆಟ್ ಭಾರ, ಇಳಿಯುವ ವೇಗವೂ ಜಾಸ್ತಿ. ಹಳೆಯ ಹಡಗುಗಳಿಗೆ ಇದು ತಲೆನೋವಾಯಿತು. ಇದಕ್ಕೆ ಬ್ರಿಟಿಷರೇ ಮೂರು ಮದ್ದು ಹುಡುಕಿದರು. ಒಂದು, ಓರೆ ಡೆಕ್. ಎರಡು, ಹಬೆಯಿಂದ ವಿಮಾನವನ್ನು ಕವಣೆ ಕಲ್ಲಿನಂತೆ ಎಸೆಯುವ ಸ್ಟೀಮ್ ಕ್ಯಾಟಪಲ್ಟ್. ಮೂರು, ಪೈಲಟ್‌ಗೆ ಇಳಿಯುವ ದಾರಿ ತೋರಿಸುವ ದೊಡ್ಡ ಕನ್ನಡಿ.

ಹರ್ಕ್ಯುಲಿಸ್ 1946ರಲ್ಲೇ ಮುಗಿದಿದ್ದರೆ ಇವು ಮೂರೂ ಇಲ್ಲದ ಹಳೇ ಹಡಗಾಗುತ್ತಿತ್ತು. 1957ರಲ್ಲಿ ನಾವು ಕೊಂಡು ಬೆಲ್‌ಫಾಸ್ಟ್‌ನ ಹಾರ್ಲೆಂಡ್ ಅಂಡ್ ವುಲ್ಫ್ ಯಾರ್ಡ್‌ಗೆ ಕಳಿಸಿದಾಗ ಮೂರನ್ನೂ ಒಟ್ಟಿಗೇ ಕೂರಿಸಿದರು. ಅರ್ಧ ಕಟ್ಟಿದ ಮನೆ ಕೊಂಡವನಿಗೆ ಅಡುಗೆಮನೆ ತನಗೆ ಬೇಕಾದ ಹಾಗೆ ಮಾಡಿಸಿಕೊಳ್ಳುವ ಅನುಕೂಲ ಇರುತ್ತದಲ್ಲ, ಹಾಗೆ. 1961ರ ಮಾರ್ಚ್ 4ರಂದು ಬೆಲ್‌ಫಾಸ್ಟ್‌ನಲ್ಲೇ ವಿಜಯಲಕ್ಷ್ಮಿ ಪಂಡಿತ್ ಅವರ ಕೈಯಿಂದ ಹಡಗು ಸೇವೆಗೆ ಬಂತು. ಮೇ 18ಕ್ಕೆ ಮೊದಲ ಜೆಟ್ ಇಳಿಯಿತು. ಇಳಿಸಿದವರು ಲೆಫ್ಟಿನೆಂಟ್ ತಹಿಲಿಯಾನಿ, ಮುಂದೆ ನೌಕಾಪಡೆಯ ಮುಖ್ಯಸ್ಥರಾದರು. ನವೆಂಬರ್ 3ರಂದು ಮುಂಬಯಿಗೆ ಬಂದಾಗ ನೆಹರೂ ಬರಮಾಡಿಕೊಂಡರು.

ಇನ್ನೊಂದು ಮಾತು. ಆ ಜೆಟ್ ಇಳಿದದ್ದು ಓಷನ್ ಹಡಗಿನ ಮೇಲೆ. ಸ್ಟೀಮ್ ಕ್ಯಾಟಪಲ್ಟ್ ಪರೀಕ್ಷೆ ಮಾಡಿದ್ದು ಪರ್ಸಿಯಸ್ ಮೇಲೆ. ಓರೆ ಡೆಕ್ಕನ್ನು ಮೊದಲು ಸುಮ್ನೆ ಬಣ್ಣದ ಗೆರೆ ಎಳೆದು ನೋಡಿದ್ದು ಟ್ರಯಂಫ್ ಮೇಲೆ. ಮೂರೂ ಕೊಲೋಸಸ್ ವರ್ಗದವು. ಅಗ್ಗದ ಹಡಗು ಅಲ್ವಾ, ಕೆಟ್ಟರೂ ಪರವಾಗಿಲ್ಲ ಅಂತಲೋ ಏನೋ, ಇಷ್ಟೊಂದು ಪ್ರಯೋಗ ಅವುಗಳ ಮೇಲೆ. ಒಂದರ ಮೇಲಂತೂ ರಬ್ಬರ್ ಹಾಸಿ, ಚಕ್ರ ಇಲ್ಲದೆ ವಿಮಾನವನ್ನು ಹೊಟ್ಟೆಯ ಮೇಲೆ ಇಳಿಸಿ ನೋಡಿದ್ದಾರೆ!

ಕಾಳಿ ನದಿ ದಡ:
ಓರೆ ಡೆಕ್ ಅಂದರೆ ಏನು ಅಂತ ಸ್ವಲ್ಪ ಬಿಡಿಸಿ ಹೇಳಿ ಸರ್. ನಾವು ಕಾರವಾರದವರು, ಹಡಗು ದೂರದಿಂದ ದಿನಾ ನೋಡುತ್ತೇವೆ. ಒಳಗಿನದು ಗೊತ್ತಿಲ್ಲ.

ಕಟ್ಟುಮರ:
ಮೇಡಂ, ಮೊದಲು ಡೆಕ್ಕು ನೇರವಾಗಿತ್ತು. ವಿಮಾನ ಹಿಂದಿನಿಂದ ಬಂದು ಇಳಿಯಬೇಕು. ಅದರ ಬಾಲದಲ್ಲಿ ಒಂದು ಕೊಕ್ಕೆ. ಡೆಕ್ಕಿಗೆ ಅಡ್ಡಡ್ಡಲಾಗಿ ಉಕ್ಕಿನ ಹಗ್ಗಗಳು. ಕೊಕ್ಕೆ ಹಗ್ಗಕ್ಕೆ ಸಿಕ್ಕಿದರೆ ವಿಮಾನ ನಿಲ್ಲುತ್ತದೆ. ಸಿಗದಿದ್ದರೆ? ಡೆಕ್ಕಿನ ಮುಂಭಾಗದಲ್ಲಿ ಬೇರೆ ವಿಮಾನಗಳು ಪೆಟ್ರೋಲು, ಬಾಂಬು ತುಂಬಿಕೊಂಡು ನಿಂತಿವೆ. ಅವುಗಳ ಮೇಲೆ ಹೋಗಿ ಬೀಳದಿರಲಿ ಅಂತ ಮಧ್ಯೆ ಒಂದು ಬಲೆ. ಬಲೆಗೆ ಬಿದ್ದರೆ ವಿಮಾನ ಹಾಳು. ಬಲೆಯನ್ನೂ ಹಾರಿದರೆ ದೇವರೇ ಗತಿ.

ಕ್ಯಾಪ್ಟನ್ ಡೆನ್ನಿಸ್ ಕ್ಯಾಂಬೆಲ್ ಅನ್ನುವವರ ಯೋಚನೆ ಬಹಳ ಸರಳ. ಇಳಿಯುವ ದಾರಿಯನ್ನು ಕೆಲವೇ ಡಿಗ್ರಿ ಎಡಕ್ಕೆ ತಿರುಗಿಸಿ. ಕೊಕ್ಕೆ ತಪ್ಪಿದರೆ ಪೈಲಟ್ ಇಂಜಿನ್ ಜೋರು ಮಾಡಿ ಎಡಗಡೆಯಿಂದ ಸಮುದ್ರದ ಮೇಲೆ ಹಾರಿಹೋಗಲಿ. ಒಂದು ಸುತ್ತು ಹಾಕಿ ಮತ್ತೆ ಬರಲಿ. ಮುಂದೆ ನಿಂತ ವಿಮಾನಗಳಿಗೆ ಏನೂ ಆಗುವುದಿಲ್ಲ. ಅಷ್ಟೇ. ನನ್ನ ಮಾಡೆಲ್‌ನಲ್ಲಿ ಎಡಕ್ಕೆ ಚಾಚಿಕೊಂಡಿರುವುದು ಆ ದಾರಿಯ ತುದಿ.

ಉದ್ದದ ಅಂದಾಜು ಬೇಕಾದರೆ, ನಮ್ಮ ಕೆಎಸ್‌ಆರ್‌ಟಿಸಿ ಕೆಂಪು ಬಸ್ಸನ್ನು ಒಂದರ ಹಿಂದೆ ಒಂದು ಹದಿನೆಂಟು ನಿಲ್ಲಿಸಿ. ಇಡೀ ಹಡಗು ಅಷ್ಟೇ. ಇಳಿಯಲು ಸಿಗುವ ಜಾಗ ಅದಕ್ಕಿಂತ ಎಷ್ಟೋ ಕಡಿಮೆ. ಹಡಗು ಓಡುತ್ತಾ, ಏಳುತ್ತಾ ಬೀಳುತ್ತಾ ಇರುತ್ತದೆ ಬೇರೆ.

ಡೊಂಬಿವಿಲಿ ಲೋಕಲ್:
ನಾನು ಆ ಹಡಗಿನ ಮೇಲೆ ನಡೆದಾಡಿದ್ದೇನೆ. ಸೇವೆಯಲ್ಲಿದ್ದಾಗ ಅಲ್ಲ, ಮ್ಯೂಸಿಯಂ ಆಗಿದ್ದಾಗ. ಅಪ್ಪ ಮುಂಬಯಿಯಲ್ಲಿ ಹೋಟೆಲ್ ಕೆಲಸಕ್ಕಿದ್ದರು, ರಜೆ ಸಿಗುವುದೇ ಅಪರೂಪ. ಒಂದು ವರ್ಷ ಡಿಸೆಂಬರ್‌ನಲ್ಲಿ ನೌಕಾ ದಿನದ ಹೊತ್ತಿಗೆ ಜನರಿಗೆ ನೋಡಲು ಬಿಟ್ಟಿದ್ದರು, ಅಮ್ಮ ಪುಳಿಯೋಗರೆ ಕಟ್ಟಿಕೊಂಡು ಎಲ್ಲರೂ ಹೋದೆವು.

ನನಗೆ ನೆನಪಿರುವುದು ಡೆಕ್ ಅಲ್ಲ, ಕೆಳಗೆ ವಿಮಾನ ನಿಲ್ಲಿಸುವ ಹ್ಯಾಂಗರ್. ಮದುವೆ ಛತ್ರದ ಹಾಗೆ ಉದ್ದ, ಆದರೆ ತಲೆ ಮೇಲಿನ ಜಾಗ ಕಡಿಮೆ ಅನ್ನಿಸುತ್ತಿತ್ತು. ಅಲ್ಲಿ ಸೀ ಹಾಕ್ ಜೆಟ್ ವಿಮಾನ ನಿಂತಿತ್ತು, ರೆಕ್ಕೆ ಮೇಲಕ್ಕೆ ಮಡಚಿಕೊಂಡು, ಥೇಟ್ ಕೈಮುಗಿದು ನಿಂತ ಹಾಗೆ. ಎಣ್ಣೆ, ಹಳೇ ಪೇಂಟು, ಸಮುದ್ರ ಮೂರೂ ಸೇರಿದ ವಾಸನೆ. ಮೆಟ್ಟಿಲು ಎಷ್ಟು ಕಡಿದು ಅಂದರೆ ಅಜ್ಜಿಯನ್ನು ಇಳಿಸಲು ಆಗದೆ ಮೇಲೇ ಕೂರಿಸಿದೆವು. ಅವರು ಡೆಕ್ ಮೇಲೆ ನೆರಳು ಹುಡುಕಿ ಕೂತು, "ಇಷ್ಟು ದೊಡ್ಡ ಅಂಗಳ ಇದೆ, ಹಪ್ಪಳ ಒಣಗಿಸಬಹುದಿತ್ತು" ಅಂದರು.

ಸಾವಿರಕ್ಕೂ ಜಾಸ್ತಿ ಜನ ಅದರೊಳಗೆ ಬದುಕುತ್ತಿದ್ದರಂತೆ. ಅಗ್ಗದ ಹಡಗು ಅಂದಿರಲ್ಲ, ಮಲಗುವ ಜಾಗ ನೋಡಿದರೆ ನಿಜ ಅನ್ನಿಸುತ್ತದೆ.

ತಲೆಹರಟೆ:
ಅಜ್ಜಿಗೆ ನನ್ನ ನಮಸ್ಕಾರ ತಿಳಿಸಿ.

ನನ್ನ ಹತ್ತಿರ ಬಜಾಜ್ ವಿ15 ಇದೆ. ವಿಕ್ರಾಂತ್‌ನ ಲೋಹ ಹಾಕಿದ್ದೇವೆ ಅಂತ 2016ರಲ್ಲಿ ಬಿಟ್ಟ ಬೈಕು. ಹಾಗಾಗಿ ಈ ಚರ್ಚೆಯಲ್ಲಿ ಹಡಗಿನ ಮಾಲೀಕ ನಾನೊಬ್ಬನೇ.

ಬಾಯ್ಲರ್ ಮಂಡ್ಯ:
ನಮಸ್ಕಾರ. ನಾನು ಮಂಡ್ಯ ಕಡೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಬಾಯ್ಲರ್ ನೋಡಿಕೊಳ್ಳುವವನು. ಇಪ್ಪತ್ತೆರಡು ವರ್ಷ ಆಯಿತು. ಹಡಗು ಹತ್ತಿಲ್ಲ. ಆದರೆ 1971ರ ವಿಕ್ರಾಂತ್ ಬಾಯ್ಲರ್ ಕಥೆ ಯಾರೂ ಎತ್ತಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಈ ಹಡಗಿಗೆ ನಾಲ್ಕು ಬಾಯ್ಲರ್. ಮೂರು ಡ್ರಮ್ಮಿನ ಮಾದರಿ. ಮೇಲೆ ಒಂದು ಸ್ಟೀಮ್ ಡ್ರಮ್, ಕೆಳಗೆ ಎರಡು ಪಕ್ಕದಲ್ಲಿ ಒಂದೊಂದು ನೀರಿನ ಡ್ರಮ್, ಮಧ್ಯೆ ನೂರಾರು ಟ್ಯೂಬು. ಗುಡಾರ ಹಾಕಿದ ಹಾಗೆ. ಗುಡಾರದ ಒಳಗೆ ಬೆಂಕಿ. ಹಬೆ ಟರ್ಬೈನ್‌ಗೆ ಹೋಗಿ ಹಡಗನ್ನು ತಳ್ಳುವ ಎರಡು ಫ್ಯಾನು ತಿರುಗಿಸಬೇಕು. ಒಟ್ಟು 40,000 ಅಶ್ವಶಕ್ತಿ. ಅದೇ ಹಬೆ ಕ್ಯಾಟಪಲ್ಟ್‌ಗೂ ಬೇಕು. ಇದನ್ನು ಮರೆಯಬೇಡಿ, ಆಮೇಲೆ ಬರುತ್ತದೆ.

1970ರ ಜೂನ್‌ನಲ್ಲಿ ನೋಡುವಾಗ ನೀರಿನ ಡ್ರಮ್‌ಗಳಲ್ಲಿ ಬಿರುಕು. ಬೆಸುಗೆ ಹಾಕಿ ಸರಿ ಮಾಡುವಂಥ ಬಿರುಕಲ್ಲ. ನಿಮಗೆ ಅನ್ನಿಸಬಹುದು, ಬಿರುಕು ತಾನೇ, ವೆಲ್ಡಿಂಗ್ ಮಾಡಿದರಾಯಿತು ಅಂತ. ಆಗುವುದಿಲ್ಲ ಸ್ವಾಮಿ. ಡ್ರಮ್ ದಿನಾ ಬಿಸಿಯಾಗಿ ತಣ್ಣಗಾಗಿ, ಉಬ್ಬಿ ಕುಗ್ಗಿ, ಲೋಹಕ್ಕೆ ಸುಸ್ತಾಗಿರುತ್ತದೆ. ಒಂದು ಕಡೆ ಬೆಸುಗೆ ಹಾಕಿದರೆ ಆ ಶಾಖಕ್ಕೆ ಪಕ್ಕದಲ್ಲಿ ಇನ್ನೊಂದು ಬಾಯಿ ಬಿಡುತ್ತದೆ. ನಮ್ಮಲ್ಲಿ ಒಂದು ಸೀಸನ್ನಿನಲ್ಲಿ ಬರೀ ಒಂದು ಟ್ಯೂಬ್ ಒಡೆಯಿತು. ಡ್ರಮ್ ಅಲ್ಲ, ಟ್ಯೂಬ್. ಆ ಸದ್ದಿಗೆ ಕಬ್ಬಿನ ಯಾರ್ಡ್‌ನಲ್ಲಿ ಎತ್ತುಗಳು ಹಗ್ಗ ಕಿತ್ತುಕೊಂಡು ಓಡಿದವು. ಬಾಯ್ಲರ್ ತಣ್ಣಗಾಗಲು ಒಂದೂವರೆ ದಿನ, ಒಳಗೆ ಮನುಷ್ಯ ತೂರಿ ಟ್ಯೂಬ್ ಮುಚ್ಚಲು ಇನ್ನೊಂದು ದಿನ. ಅಷ್ಟು ದಿನ ರೈತರ ಬೈಗುಳ ತಿಂದವನು ನಾನು.

ಹಡಗಿಗೆ ಹೊಸ ಡ್ರಮ್ ಇಂಗ್ಲೆಂಡಿನಿಂದ ಬರಬೇಕಿತ್ತು. ಅಲ್ಲಿಯವರೆಗೆ ಬಾಯ್ಲರ್ ಮುಟ್ಟಬೇಡಿ ಅಂತ ದೆಹಲಿಯಿಂದ ಆದೇಶ. ಹಡಗು ತಿಂಗಳುಗಟ್ಟಲೆ ಸುಮ್ಮನೆ ನಿಂತಿತು. 1971 ಬಂತು, ಯುದ್ಧದ ಮೋಡ ಕಟ್ಟಿತು. ಡ್ರಮ್ ಬರಲಿಲ್ಲ. ಮಾರ್ಚ್ 1ರಂದು ಹಳೇ ಡ್ರಮ್ಮಿನಲ್ಲೇ, ಕಡಿಮೆ ಪ್ರೆಷರ್‌ನಲ್ಲಿ ಬೆಂಕಿ ಹಾಕಿದರು.

ನಾನು ಆ ಜಾಗದಲ್ಲಿ ಇದ್ದಿದ್ದರೆ ಹಾಕುತ್ತಿದ್ದೆನಾ? ನಿಜ ಹೇಳಬೇಕೆಂದರೆ ಇಲ್ಲ. ನಮ್ಮಲ್ಲಿ ಬಾಯ್ಲರ್ ಇನ್‌ಸ್ಪೆಕ್ಟರ್ ಕಣ್ಣಿಗೆ ಡ್ರಮ್ ಬಿರುಕು ಬಿದ್ದರೆ ಅಲ್ಲೇ ಬೀಗ. ಅಂಥ ಡ್ರಮ್ಮಿನ ಪಕ್ಕದಲ್ಲೇ ಕೆಲಸ ಮಾಡಿದ ಆ ಇಂಜಿನ್ ರೂಮಿನವರು ಪೈಲಟ್‌ಗಳಷ್ಟೇ ಧೈರ್ಯಸ್ಥರು. ಅವರ ಫೋಟೊ ಮಾತ್ರ ಎಲ್ಲೂ ಬರುವುದಿಲ್ಲ.

ಕಟ್ಟುಮರ:
@ಬಾಯ್ಲರ್ ಮಂಡ್ಯ, ಅಣ್ಣಾ, ಈ ಚರ್ಚೆ ಶುರು ಮಾಡಿದ್ದು ಸಾರ್ಥಕವಾಯಿತು. ಮುಂದಿನದನ್ನು ನಾನು ಸೇರಿಸುತ್ತೇನೆ.

ಕಡಿಮೆ ಪ್ರೆಷರ್ ಅಂದರೆ ಕಡಿಮೆ ವೇಗ. 25 ನಾಟ್‌ನ ಹಡಗು ಸುಮಾರು 16ಕ್ಕೆ ಬಂತು. ಇಲ್ಲಿ ಒಂದು ಲೆಕ್ಕ ಇದೆ. ವಿಮಾನ ಏಳಲು ರೆಕ್ಕೆಯ ಮೇಲೆ ಇಷ್ಟು ಗಾಳಿ ಬೇಕು ಅಂತ ಇರುತ್ತದೆ. ಅದರಲ್ಲಿ ಒಂದು ಪಾಲು ಕ್ಯಾಟಪಲ್ಟ್ ಕೊಡುತ್ತದೆ. ಉಳಿದದ್ದು ಎದುರುಗಾಳಿ. ಹಡಗು ಗಾಳಿಗೆ ಮುಖ ಮಾಡಿ ಜೋರಾಗಿ ಓಡಿದರೆ ಆ ಎದುರುಗಾಳಿ ಜಾಸ್ತಿಯಾಗುತ್ತದೆ. ಹಡಗೇ ನಿಧಾನವಾದರೆ? ಒಂಬತ್ತು ನಾಟ್ ಗಾಳಿ ಅಲ್ಲೇ ಖೋತಾ. ಅದಕ್ಕೇ ಆಗ ಎಷ್ಟೋ ಅಧಿಕಾರಿಗಳು ಈ ಹಡಗು ಯುದ್ಧಕ್ಕೆ ಬೇಡ, ಸುಮ್ನೆ ಶತ್ರುವಿಗೆ ಗುರಿಯಾಗುತ್ತದೆ ಅಂದುಕೊಂಡಿದ್ದರೆ ಆಶ್ಚರ್ಯ ಇಲ್ಲ. 1965ರ ಯುದ್ಧದಲ್ಲಿ ವಿಕ್ರಾಂತ್ ರಿಪೇರಿಗೆ ಅಂತ ಡ್ರೈ ಡಾಕ್‌ನಲ್ಲಿ ನಿಂತಿತ್ತು. ಅತ್ತ ಪಾಕಿಸ್ತಾನದ ಕಡೆಯಿಂದ ಅದನ್ನು ಮುಳುಗಿಸಿದೆವು ಅಂತ ಸುದ್ದಿ! ಎರಡನೇ ಸಲವೂ ಮನೆಯಲ್ಲೇ ಕೂತರೆ ಮುಖ ತೋರಿಸುವುದು ಹೇಗೆ ಅನ್ನುವುದೂ ಇತ್ತು ಅನ್ನಿಸುತ್ತದೆ.

ಹೋಯಿತು. ಅಂಡಮಾನ್ ಕಡೆಯಿಂದ ಬಂಗಾಳಕೊಲ್ಲಿಗೆ. 1971ರ ಡಿಸೆಂಬರ್ 4ರಂದು ಎಂಟು ಸೀ ಹಾಕ್‌ಗಳು ಕಾಕ್ಸ್ ಬಜಾರ್ ಮೇಲೆ ದಾಳಿ ಮಾಡಿದವು. ಆಮೇಲೆ ಚಿತ್ತಗಾಂಗ್, ಖುಲ್ನಾ, ಮೊಂಗ್ಲಾ. ಅಲಿಝೆ ಅನ್ನುವ ಫ್ರೆಂಚ್ ವಿಮಾನ, ಸಬ್‌ಮರೀನ್ ಹುಡುಕಲು ಮಾಡಿದ್ದು. ಅದನ್ನು ಬಾಂಬ್ ಹಾಕಲೂ ಬಳಸಿದರು. ಪೂರ್ವ ಪಾಕಿಸ್ತಾನಕ್ಕೆ ಸಮುದ್ರದ ಬಾಗಿಲು ಮುಚ್ಚಿತು. ಹಡಗಿನವರಿಗೆ ಎರಡು ಮಹಾವೀರ ಚಕ್ರ, ಹನ್ನೆರಡು ವೀರ ಚಕ್ರ ಬಂದವು.

ತಲೆಹರಟೆ:
ಪಾಕಿಸ್ತಾನದ ಘಾಜಿ ಸಬ್‌ಮರೀನ್ ಬಗ್ಗೆ ಹೇಳಲೇ ಇಲ್ಲ! ಅದನ್ನು ಮುಳುಗಿಸಿದ್ದು ಯಾರು? ನಮ್ಮ ರಜಪೂತ್ ಹಡಗಾ, ಇಲ್ಲ ಅದರ ಸ್ವಂತ ಮೈನ್ ಸಿಡಿದದ್ದಾ?

ವೇದಿಕೆ ನಿರ್ವಾಹಕ:
ಬೇಡ. ಘಾಜಿ ಚರ್ಚೆ ಬೇರೆ ಇದೆ. ಅಲ್ಲಿ 340 ಉತ್ತರಗಳಾಗಿವೆ, ಇನ್ನೂ ಯಾರೂ ಒಪ್ಪಿಲ್ಲ. ಇಲ್ಲಿ ಅದು ವಿಕ್ರಾಂತ್‌ನ ಹುಡುಕಿಕೊಂಡು ಬಂದು ವಿಶಾಖಪಟ್ಟಣದ ಹತ್ತಿರ ಮುಳುಗಿತು, ಆಗ ವಿಕ್ರಾಂತ್ ಅಲ್ಲಿರಲೇ ಇಲ್ಲ ಅನ್ನುವಲ್ಲಿಗೆ ನಿಲ್ಲಿಸಿ.

ಕಾಳಿ ನದಿ ದಡ:
ಓರೆ ಡೆಕ್ ಈಗ ಅರ್ಥವಾಯಿತು, ಧನ್ಯವಾದ ಸರ್. ನಮ್ಮ ಕಡೆಯ ಒಂದು ವಿಷಯ ಹೇಳುತ್ತೇನೆ. ವಿಕ್ರಾಂತ್ ಬಂದು ಒಂದೂವರೆ ತಿಂಗಳಿಗೇ ಗೋವಾ ವಿಮೋಚನೆ ಆಯಿತು, 1961ರ ಡಿಸೆಂಬರ್. ಆಗ ಅದು ಗೋವಾ ಕರಾವಳಿಯ ಆಚೆ ಕಾವಲು ಕಾಯುತ್ತಿತ್ತು, ಬಾಂಬ್ ಹಾಕುವ ಸಂದರ್ಭ ಬರಲಿಲ್ಲ. ಆದರೆ ನಮ್ಮ ಕಾರವಾರದ ಎದುರಿಗೇ ಒಂದು ಕಾದಾಟ ಆಯಿತು, ಅಂಜದೀವ್ ದ್ವೀಪದಲ್ಲಿ. ಪೋರ್ಚುಗೀಸರು ಅಲ್ಲಿ ಕೂತಿದ್ದರು. ಮೈಸೂರು ಮತ್ತು ತ್ರಿಶೂಲ್ ಅನ್ನುವ ಹಡಗುಗಳಿಂದ ನಾವಿಕರು ಇಳಿದರು. ಏಳು ಜನ ತೀರಿಕೊಂಡರು. ಹಡಗಿನ ಹೆಸರು ಮೈಸೂರು, ಜಾಗ ಕಾರವಾರ. ಆದರೂ ನಮ್ಮ ಪಠ್ಯಪುಸ್ತಕದಲ್ಲಿ ನಾನು ಓದಿದ ನೆನಪಿಲ್ಲ.

ಈಗ ಆ ದ್ವೀಪ ಕದಂಬ ನೌಕಾನೆಲೆಯ ಅಲೆತಡೆ ಗೋಡೆಗೆ ಸೇರಿಹೋಗಿದೆ. ಈಗಿನ ವಿಮಾನವಾಹಕ ವಿಕ್ರಮಾದಿತ್ಯ ನಿಲ್ಲುವುದು ಆ ನೆಲೆಯಲ್ಲೇ. ಅದು 283 ಮೀಟರ್. ಹಳೇ ವಿಕ್ರಾಂತ್‌ನ ಮುಂದೆ ಇಟ್ಟರೆ ಅಣ್ಣನ ಪಕ್ಕ ತಮ್ಮ ನಿಂತ ಹಾಗೆ ಕಾಣಬಹುದು, ಆದರೆ ವಯಸ್ಸು ಉಲ್ಟಾ.

ಸೀ ಹಾಕ್, ಅಲಿಝೆ ಎರಡನ್ನೂ ಹತ್ತಿರದಿಂದ ನೋಡಬೇಕಾದರೆ ಗೋವಾದ ಬೊಗ್ಮಾಲೊ ಹತ್ತಿರ ನೌಕಾ ವಿಮಾನಗಳ ಮ್ಯೂಸಿಯಂ ಇದೆ. ಕಾರವಾರದಿಂದ ಬೆಳಿಗ್ಗೆ ಹೊರಟು ಸಂಜೆಗೆ ವಾಪಸ್ ಬರಬಹುದು.

ಹ್ಯಾಲಿಫ್ಯಾಕ್ಸ್ ಚಳಿ:
ಕೆನಡಾದಿಂದ ಬರೆಯುತ್ತಿದ್ದೇನೆ. ಇಲ್ಲಿ ಪಾಯಿಂಟ್ ಪ್ಲೆಸೆಂಟ್ ಪಾರ್ಕ್ ಅಂತ ಇದೆ, ಸಮುದ್ರದ ಅಂಚಿಗೇ. ವಾರಕ್ಕೆ ಮೂರು ದಿನ ಅಲ್ಲಿ ವಾಕಿಂಗ್. ದಂಡೆಯಲ್ಲಿ ಒಂದು ಭಾರಿ ಲಂಗರು, ಜೊತೆಗೆ ಅದರ ಸರಪಳಿ. ಸರಪಳಿಯ ಒಂದೊಂದು ಕೊಂಡಿಯೂ ನನ್ನ ತೋಳಿಗಿಂತ ದಪ್ಪ. ಚಳಿಗಾಲದಲ್ಲಿ ಅದರ ಮೇಲೆ ಹಿಮ ಕೂತಿರುತ್ತದೆ. ನಾಲ್ಕು ವರ್ಷದಿಂದ ನೋಡುತ್ತಿದ್ದೇನೆ. ಅದು ಬೊನಾವೆಂಚರ್ ಹಡಗಿನದು ಅಂತ ಗೊತ್ತಿತ್ತು. ಆದರೆ ಬೊನಾವೆಂಚರ್ ಅಂದರೆ ಪವರ್‌ಫುಲ್, ನಮ್ಮ ವಿಕ್ರಾಂತ್‌ನ ಅಚ್ಚಿನದೇ ಅಂತ ಇವತ್ತು ಈ ಚರ್ಚೆಯಲ್ಲೇ ಗೊತ್ತಾದದ್ದು! ನಾಳೆ ಹೋಗಿ ಇನ್ನೊಮ್ಮೆ ಸರಿಯಾಗಿ ನೋಡಬೇಕು.

ಇಲ್ಲಿನ ಹಳಬರು ಅದನ್ನು ಪ್ರೀತಿಯಿಂದ ಬಾನಿ ಅನ್ನುತ್ತಾರೆ. ಮ್ಯಾಗ್ನಿಫಿಸೆಂಟ್‌ಗೆ ಮ್ಯಾಗಿ. ಮ್ಯಾಗಿ 1948ರಿಂದ 1957ರವರೆಗೆ ಕೆನಡಾದಲ್ಲಿತ್ತು. ಸೂಯೆಜ್ ಗಲಾಟೆ ಆದಾಗ ವಿಶ್ವಸಂಸ್ಥೆಯ ಶಾಂತಿಪಡೆಗೆ ಹೊರಟ ಕೆನಡಾ ಸೈನಿಕರನ್ನೂ ಗಾಡಿಗಳನ್ನೂ ಈಜಿಪ್ಟಿಗೆ ಸಾಗಿಸಿದ್ದು ಅದೇ. ಬಾನಿ 1957ರಲ್ಲಿ ಬಂತು, ವಿಕ್ರಾಂತ್ ತರಹ ಅದಕ್ಕೂ ಬೆಲ್‌ಫಾಸ್ಟ್‌ನಲ್ಲೇ ಓರೆ ಡೆಕ್ ಹಾಕಿದ್ದರು. 1966-67ರಲ್ಲಿ ಕೋಟಿಗೂ ಜಾಸ್ತಿ ಡಾಲರ್ ಸುರಿದು ರಿಪೇರಿ ಮಾಡಿದರು. ಮೂರೇ ವರ್ಷಕ್ಕೆ, 1970ರಲ್ಲಿ, ಸೇವೆಯಿಂದ ತೆಗೆದು ಮಾರಿಬಿಟ್ಟರು! ಈಗಲೂ ಇಲ್ಲಿನವರು ಈ ಮಾತು ಬಂದರೆ ತಲೆ ಚಚ್ಚಿಕೊಳ್ಳುತ್ತಾರೆ. ಅಲ್ಲಿಗೆ ಕೆನಡಾದ ವಿಮಾನವಾಹಕಗಳ ಕಥೆ ಮುಗಿಯಿತು.

ತಲೆಹರಟೆ:
ರಿಪೇರಿ ಮಾಡಿಸಿ ಮಾರುವುದು ನಮ್ಮ ಮಾವನ ಸ್ಕೂಟರ್ ಕಥೆ ಇದ್ದ ಹಾಗಿದೆ. ಆಸ್ಟ್ರೇಲಿಯಾದ ಎರಡರ ಕಥೆ ಏನು?

ಕಟ್ಟುಮರ:
ಟೆರಿಬಲ್ ಸಿಡ್ನಿ ಆಯಿತು, 1948ರಲ್ಲಿ. ಕೊರಿಯಾ ಯುದ್ಧದಲ್ಲಿ 1951-52ರ ಚಳಿಗಾಲದಲ್ಲಿ ಹೋರಾಡಿತು. ಅಲ್ಲಿ ಒಂದೇ ದಿನ 89 ಹಾರಾಟ ಮಾಡಿಸಿದೆ, ಈ ಗಾತ್ರದ ಹಡಗಿಗೆ ಅದು ದೊಡ್ಡ ಸಂಖ್ಯೆ. ಓರೆ ಡೆಕ್ ಹಾಕಿಸಲಿಲ್ಲವಾದ್ದರಿಂದ ಬೇಗ ಹಳೆಯದಾಯಿತು. ಆಮೇಲೆ ವಿಯೆಟ್ನಾಮಿಗೆ ಸೈನಿಕರನ್ನು ಹೊತ್ತು ಹೊತ್ತು, ವುಂಗ್ ತಾವ್ ಬಂದರಿನ ಫೆರ್ರಿ ಅಂತ ಅಡ್ಡಹೆಸರು ಬಂತು.

ಮೆಜೆಸ್ಟಿಕ್ ಮೆಲ್ಬೋರ್ನ್ ಆಯಿತು, 1955ರಲ್ಲಿ. ಓರೆ ಡೆಕ್, ಸ್ಟೀಮ್ ಕ್ಯಾಟಪಲ್ಟ್, ಕನ್ನಡಿ ಮೂರೂ ಇತ್ತು. ಇಪ್ಪತ್ತೇಳು ವರ್ಷ ಸೇವೆ, ಶತ್ರುವಿನ ಮೇಲೆ ಒಂದು ಗುಂಡು ಹಾರಿಸಲಿಲ್ಲ. ಆದರೆ ಎರಡು ಸ್ನೇಹಿತರ ಹಡಗುಗಳನ್ನು ಎರಡು ತುಂಡು ಮಾಡಿತು. 1964ರ ಫೆಬ್ರವರಿ 10ರ ರಾತ್ರಿ ತನ್ನದೇ ದೇಶದ ವಾಯೇಜರ್, 82 ಜನ ಸತ್ತರು. 1969ರ ಜೂನ್ 3ರ ಬೆಳಗಿನ ಜಾವ ಅಮೆರಿಕದ ಫ್ರಾಂಕ್ ಇ. ಇವಾನ್ಸ್, 74 ಜನ.

ಎರಡು ಸಲವೂ ಆದದ್ದು ಒಂದೇ ತರಹ. ವಿಮಾನ ಇಳಿಯುವಾಗ ಒಂದು ಸಣ್ಣ ಹಡಗು ಹಿಂದೆ ಸ್ವಲ್ಪ ಪಕ್ಕದಲ್ಲಿ ಬರಬೇಕು. ವಿಮಾನ ನೀರಿಗೆ ಬಿದ್ದರೆ ಪೈಲಟ್‌ನ ಎತ್ತಿಕೊಳ್ಳಲು. ಹಡಗು ಗಾಳಿಗೆ ತಿರುಗಿದಾಗಲೆಲ್ಲ ಈ ಸಣ್ಣ ಹಡಗೂ ಜಾಗ ಬದಲಿಸಬೇಕು. ಅದೂ ಕತ್ತಲಲ್ಲಿ. ಹಿಂದಕ್ಕೆ ಹೋಗಬೇಕಾದವರು ಲೆಕ್ಕ ತಪ್ಪಿ ಮೂತಿಯ ಮುಂದೆ ಅಡ್ಡ ಬಂದರು. ಇಪ್ಪತ್ತು ಸಾವಿರ ಟನ್ನಿನ ಹಡಗಿಗೆ ಬ್ರೇಕ್ ಇಲ್ಲ. ವಾಯೇಜರ್ ಬಗ್ಗೆ ಎರಡು ರಾಯಲ್ ಕಮಿಷನ್, ಅಂದರೆ ಸರ್ಕಾರಿ ತನಿಖಾ ಆಯೋಗ, ಕೂತವು. ಮೊದಲನೆಯದರ ನಂತರ ಮೆಲ್ಬೋರ್ನ್‌ನ ಕ್ಯಾಪ್ಟನ್ ರಾಬರ್ಟ್‌ಸನ್ ರಾಜೀನಾಮೆ ಕೊಟ್ಟರು. ತಪ್ಪು ಅವರದಲ್ಲ ಅನ್ನುವುದು ಎರಡನೆಯದರಲ್ಲಿ ಹೊರಬಂತು.

1985ರಲ್ಲಿ ಮೆಲ್ಬೋರ್ನ್‌ನ ಗುಜರಿಗೆ ಅಂತ ಚೀನಾಕ್ಕೆ ಮಾರಿದರು. ಕ್ಯಾಟಪಲ್ಟ್, ಕನ್ನಡಿ, ತಂತಿ ಏನನ್ನೂ ಕಳಚಿರಲಿಲ್ಲ. ಚೀನಾ ನೌಕಾಪಡೆಯವರು ಒಡೆಯುವ ಮೊದಲು ಕೂತು ಪೂರ್ತಿ ಅಧ್ಯಯನ ಮಾಡಿದರು. @ತಲೆಹರಟೆ, ಗುಜರಿ ಅಂದರೆ ಏನು ಅಂತ ಅವರನ್ನು ಕೇಳಿ.

ಬಾಯ್ಲರ್ ಮಂಡ್ಯ:
ಆರನೆಯದು ಲೆವಿಯಾಥನ್ ಉಳಿಯಿತಲ್ಲ. ಆಮೇಲೆ ಹೇಳುತ್ತೇನೆ ಅಂದಿದ್ದಿರಿ.

ಕಟ್ಟುಮರ:
ಹೌದು, ಅದು ನಿಮಗೆ ಅಂತಲೇ ಇಟ್ಟಿದ್ದೆ. ಯಾಕೆಂದರೆ ಅದು ಬಾಯ್ಲರ್ ಕಥೆ.

ಲೆವಿಯಾಥನ್ 1945ರ ಜೂನ್‌ನಲ್ಲಿ ನೀರಿಗಿಳಿಯಿತು. ಪೂರ್ತಿ ಮಾಡಲೇ ಇಲ್ಲ, ಪೋರ್ಟ್ಸ್‌ಮತ್‌ನಲ್ಲಿ ಇಪ್ಪತ್ತು ವರ್ಷ ಸುಮ್ನೆ ನಿಂತಿತ್ತು. 1968ರಲ್ಲಿ ಒಡೆಯಲು ಕಳಿಸಿದರು. ಆದರೆ ಅದರ ಬಾಯ್ಲರ್‌ಗಳಲ್ಲಿ ಬೆಂಕಿಯೇ ಉರಿದಿರಲಿಲ್ಲ, ಹೊಸದು. ಅವು ಡಚ್ಚರ ಕರೆಲ್ ಡೋರ್ಮನ್ ಹಡಗಿಗೆ ಹೋದವು. ಅದು ಕೊಲೋಸಸ್ ವರ್ಗದ್ದು, ಹಾಗಾಗಿ ಅಳತೆ ಕೂತಿತು. ಡಚ್ಚರು ಆ ಹಡಗನ್ನು ಅರ್ಜೆಂಟೀನಾಕ್ಕೆ ಮಾರಿದರು. ಅಲ್ಲಿ ಅದರ ಹೆಸರು ವೆಯಿಂತಿಸಿಂಕೊ ದೆ ಮಾಯೊ, ಅಂದರೆ ಮೇ 25.

1982ರ ಫಾಕ್‌ಲ್ಯಾಂಡ್ಸ್ ಯುದ್ಧ. ಮೇ 2ರ ಬೆಳಿಗ್ಗೆ ಆ ಹಡಗು ಬ್ರಿಟಿಷ್ ಪಡೆಯ ಮೇಲೆ ಸ್ಕೈಹಾಕ್ ವಿಮಾನ ಬಿಡಲು ತಯಾರಾಗಿತ್ತು. ಗಾಳಿ ಬೀಸಲಿಲ್ಲ! ಆ ಸಮುದ್ರದಲ್ಲಿ ಗಾಳಿ ನಿಲ್ಲುವುದು ಅಂದರೆ ನಮ್ಮ ಆಗುಂಬೆಯಲ್ಲಿ ಜುಲೈನಲ್ಲಿ ಮಳೆ ನಿಂತ ಹಾಗೆ. ಬಾಂಬ್ ತುಂಬಿದ ವಿಮಾನ ಎಬ್ಬಿಸಲು ಎದುರುಗಾಳಿ ಸಾಲದೆ ದಾಳಿ ಕೈಬಿಟ್ಟರು. ಮೇಲೆ ಹೇಳಿದ ಅದೇ ಲೆಕ್ಕ. ಆ ದಿನ ಎದುರಾಳಿ ಪಾಳೆಯದ ಮುಖ್ಯ ಹಡಗು ಯಾವುದು ಗೊತ್ತಾ? ಹರ್ಮಿಸ್. ಮುಂದೆ ನಾವು ಕೊಂಡು, ಐದು ವರ್ಷದ ನಂತರ ವಿರಾಟ್ ಅನ್ನುವ ಹೆಸರಲ್ಲಿ ನಮ್ಮ ಸೇವೆಗೆ ಬಂದ ಹಡಗು.

ಆ ಅರ್ಜೆಂಟೀನಾ ಹಡಗು ಕೊನೆಗೆ ಬಂದದ್ದು ಗುಜರಾತಿನ ಅಲಂಗ್ ಕಡಲತೀರಕ್ಕೆ, ಒಡೆಯಲು. ಬ್ರೆಜಿಲ್‌ನಲ್ಲಿದ್ದ ಇನ್ನೊಂದು ಕೊಲೋಸಸ್, ಮಿನಾಸ್ ಜೆರೈಸ್, ಅದೂ 2004ರಲ್ಲಿ ಅಲಂಗ್‌ಗೇ. 2020ರಲ್ಲಿ ವಿರಾಟ್ ಕೂಡ ಅಲ್ಲಿಗೇ.

ಡೊಂಬಿವಿಲಿ ಲೋಕಲ್:
ವಿಕ್ರಾಂತ್ ಮಾತ್ರ ಮುಂಬಯಿಯಲ್ಲೇ ಹೋಯಿತು. 1997ರ ಜನವರಿ 31ಕ್ಕೆ ಸೇವೆ ಮುಗಿಯಿತು. ಮ್ಯೂಸಿಯಂ ಆಗಿ ಹತ್ತು ಹನ್ನೊಂದು ವರ್ಷ. ಆಮೇಲೆ ತಳ ಸವೆದು ಅಪಾಯ ಅಂತ 2012ರಲ್ಲಿ ಮುಚ್ಚಿದರು. ಕೋರ್ಟಿಗೂ ಹೋಗಿ ಬಂತು. 2014ರಲ್ಲಿ ಸುಮಾರು 60 ಕೋಟಿಗೆ ಹರಾಜು, ನವೆಂಬರ್‌ನಲ್ಲಿ ಒಡೆಯಲು ಶುರು. ಆ ತಿಂಗಳು ಅಜ್ಜಿಗೆ ಪೇಪರ್ ಓದಿ ಹೇಳಿದೆ. "ಪಾಪ, ಅಂಗಳ ಹೋಯಿತು" ಅಂದರು.

ಉಳಿಸಬೇಕಿತ್ತು ಅಂತ ನನಗೆ ಈಗಲೂ ಅನ್ನಿಸುತ್ತದೆ.

ತಲೆಹರಟೆ:
ಉಳಿಸಬೇಕಿತ್ತು ಅನ್ನುವುದು ಸುಲಭ. ವರ್ಷ ವರ್ಷ ಡ್ರೈ ಡಾಕ್ ಖರ್ಚು ಯಾರು ಕೊಡುತ್ತಾರೆ? ನೋಡಿ, ಈ ವಿಷಯದಲ್ಲಿ ನಾನು ತಮಾಷೆ ಮಾಡುತ್ತಿಲ್ಲ. ಸಮುದ್ರದ ನೀರಲ್ಲಿ ನಿಂತ ಕಬ್ಬಿಣ ಅದು. ಗುಜರಿ ಅಂದದ್ದನ್ನು ಮಾತ್ರ ವಾಪಸ್ ತೆಗೆದುಕೊಳ್ಳುತ್ತೇನೆ.

ಹ್ಯಾಲಿಫ್ಯಾಕ್ಸ್ ಚಳಿ:
ಕೊನೇ ಪಕ್ಷ ಒಂದು ಲಂಗರಾದರೂ ಜನ ನಡೆದಾಡುವ ಜಾಗದಲ್ಲಿ ಇಡುವುದು ಒಳ್ಳೆಯದು. ಮಕ್ಕಳು ಹತ್ತಿ ಆಡುತ್ತಾರೆ, ಯಾರದು ಅಂತ ಕೇಳುತ್ತಾರೆ.

ಕಾಳಿ ನದಿ ದಡ:
@ಕಟ್ಟುಮರ ಸರ್, ಮಾಡೆಲ್‌ನಲ್ಲಿ ಮೂತಿ ಮೇಲೆ ಎತ್ತಿರುತ್ತದೋ, ಚಪ್ಪಟೆಯೋ? ವಿಕ್ರಮಾದಿತ್ಯಕ್ಕೆ ಮೂತಿ ಎತ್ತಿದೆ.

ಕಟ್ಟುಮರ:
ಮೇಡಂ, ಒಳ್ಳೆ ಪ್ರಶ್ನೆ. ಅದೇ ನನ್ನ ತಲೆನೋವು. ಸೀ ಹ್ಯಾರಿಯರ್ ಅನ್ನುವ ವಿಮಾನ ಬಂದ ಮೇಲೆ, 1980ರ ದಶಕದ ಕೊನೆಯಲ್ಲಿ ವಿಕ್ರಾಂತ್‌ಗೂ ಮೂತಿ ಎತ್ತರಿಸಿದರು, 9.75 ಡಿಗ್ರಿ. ಕ್ಯಾಟಪಲ್ಟ್ ಕಿತ್ತುಹಾಕಿದರು. ಜಾರುಬಂಡೆ ಉಲ್ಟಾ ಇಟ್ಟ ಹಾಗೆ ಕಾಣುತ್ತದೆ. ನಾನು ಮೊದಲು ಅದನ್ನೇ ಮಾಡಿದ್ದೆ. ಈ ಚರ್ಚೆ ಓದಿದ ಮೇಲೆ ನಿನ್ನೆ ರಾತ್ರಿ ಬ್ಲೇಡ್ ತೆಗೆದುಕೊಂಡು ಕತ್ತರಿಸಿಬಿಟ್ಟೆ. ಈಗ ಅದು 1971ರ ವಿಕ್ರಾಂತ್. ಡೆಕ್ ಮೇಲೆ ಎಂಟು ಸೀ ಹಾಕ್ ಇಡುತ್ತೇನೆ, ಒಂದೊಂದೂ ಹೆಬ್ಬೆರಳಿನ ಉಗುರಿನಷ್ಟು.

@ಬಾಯ್ಲರ್ ಮಂಡ್ಯ, ಅಣ್ಣಾ, ಚಿಮಣಿಯಿಂದ ಹೊಗೆ ಬರುವ ಹಾಗೆ ಹತ್ತಿ ಅಂಟಿಸೋಣ ಅಂತಿದ್ದೇನೆ. ದೇವರ ಮನೆಯಿಂದ ಬತ್ತಿಯ ಹತ್ತಿ ಕದ್ದಾಗಿದೆ. ಎಷ್ಟು ಕಪ್ಪು ಮಾಡಬೇಕು?

ಬಾಯ್ಲರ್ ಮಂಡ್ಯ:
ಹತ್ತಿ ವಾಪಸ್ ಇಟ್ಟುಬಿಡಿ. ಕೆಳಗೆ ಕೆಲಸ ಗೊತ್ತಿದ್ದವನು ಬೆಂಕಿ ನೋಡಿಕೊಳ್ಳುತ್ತಿದ್ದರೆ ಚಿಮಣಿಯಲ್ಲಿ ಹೊಗೆ ಕಾಣಬಾರದು.